ಹುಳದ ಮನೆಗೆ ಬಂದ ಫೋನು

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಇಂಥ ಮನೆಯಲ್ಲಿ ಹುಟ್ಟಿದವರಿಗೆ ಯಾರನ್ನೂ ನಂಬದಿರುವುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಹುಳ ತಟ್ಟೆಯ ಮೇಲಿರುವಷ್ಟು ದಿನ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ರೋಗ ತರುತ್ತಾರೆ ಎನ್ನುವುದು ಅರ್ಧ ಕಾರಣ, ಕಣ್ಣು ಬೀಳುತ್ತದೆ ಎನ್ನುವುದು ಇನ್ನರ್ಧ. ದಾರಿಯಲ್ಲಿ ಹೋಗುವವರು "ಹುಳ ಹೆಂಗವೆ?" ಎಂದರೆ, ಅವು ಎಷ್ಟೇ ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದರೂ ಅವ್ವ ಮುಖ ಸಣ್ಣದು ಮಾಡಿಕೊಂಡು, "ಅಯ್ಯೋ, ಅರ್ಧಕ್ಕರ್ಧ ಹಾಲುರೋಗ ಬಂದು ಹೋಗ್ಬುಟ್ವು ಕಣಣ್ಣ" ಎನ್ನುತ್ತಿದ್ದಳು. ಗೂಡು ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜಾಗುವ ತನಕ ಬೆಳೆ ಚೆನ್ನಾಗಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿದ್ದನ್ನು ನಾನು ಕೇಳಿಲ್ಲ.

ಎರಡು ಸಾವಿರದ ಇಸವಿಯ ನಂತರ ಇದಕ್ಕೆ ಇನ್ನೊಂದು ಸೇರಿತು. ಬಿಡದಿಯ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಎದ್ದವು. ದೊಡ್ಡಮಳೂರಿನ ಆಚೆ ಇರುವ ನಮ್ಮೂರಿಗೂ ಜಮೀನಿನ ಬ್ರೋಕರ್‌ಗಳು ಬರತೊಡಗಿದರು. ಬರಲಾಗದವರು ಫೋನ್ ಮಾಡುತ್ತಿದ್ದರು. ಎಷ್ಟು ಎಕರೆ, ಯಾರ ಹೆಸರಲ್ಲಿದೆ, ಬಾವಿ ಇದೆಯಾ. ಅವ್ವನ ಉತ್ತರ ಯಾವಾಗಲೂ ಒಂದೇ: "ನಮ್ಗೆ ಜಮೀನೇ ಇಲ್ಲ, ಮಡಗಪ್ಪ ಫೋನ."

ನಾನು ಬಿಎಸ್ಸಿ ಮುಗಿಸಿ ಬಿಡದಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೆ. ಬಿಸ್ಕತ್ತಿನ ಪುಡಿಯಲ್ಲಿ ತೇವ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ನಾನು ಕೆಲಸ ಕಲಿಸಿಕೊಟ್ಟ ಹುಡುಗರು ಖಾಯಂ ಆಗುತ್ತಿದ್ದರು. ನನ್ನದು ಯಾವಾಗ ಎಂದು ಮೇಲಿನವರನ್ನು ಕೇಳಿದರೆ, "ನಿಮಗಿನ್ನೇನು ಮದುವೆ ಆಗುತ್ತಲ್ಲ ಮೇಡಂ" ಎಂದು ಹಲ್ಲು ಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಂಗ್ಲೆಂಡಿನಲ್ಲಿ ಎಂಎಸ್ಸಿ ಮಾಡಿದರೆ ಓದಿನ ನಂತರ ಅಲ್ಲೇ ಕೆಲಸ ಮಾಡಲು ಬಿಡುತ್ತಾರೆ ಎಂದು ಯಾರೋ ಹೇಳಿದ ದಿನದಿಂದ ನನ್ನ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಅದಕ್ಕೆಂದೇ ಬೆಂಗಳೂರಿನಲ್ಲಿ ಒಬ್ಬ ಕನ್ಸಲ್ಟೆಂಟ್ ಸಿಕ್ಕ. ಮೊದಲ ದಿನವೇ ಅವನ ಮೇಲೆ ನನಗೆ ಅನುಮಾನ. ಹೊಗಳುವಾಗ ಕನ್ನಡ, ನಾನೇನಾದರೂ ಪ್ರಶ್ನೆ ಕೇಳಿದರೆ ಇಂಗ್ಲಿಷ್. ಆದರೂ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ, ಏಕೆಂದರೆ ನನಗೆ ಹೋಗಬೇಕಿತ್ತು.

"ಅಲ್ಲಿ ಕೆಲಸ ಮಾಡೋ ವಿಷಯ ಮಾತ್ರ ವೀಸಾದವರ ಹತ್ರ ಬಾಯಿ ಬಿಡಬೇಡಿ" ಎಂದ. "ಓದು ಮುಗಿದ ತಕ್ಷಣ ವಾಪಸ್ ಬರ್ತೀನಿ ಅನ್ನಿ. ಅಪ್ಪ ಅಮ್ಮ ಇದ್ದಾರೆ, ಜಮೀನಿದೆ, ರೇಷ್ಮೆ ಇದೆ, ಅದನ್ನೇ ಬೆಳೆಸ್ತೀನಿ ಅನ್ನಿ. ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿ."

ನಾನು ಹೋಗುವುದೇ ಕೆಲಸಕ್ಕೆ, ಇವನು ಅದನ್ನೇ ಹೇಳಬೇಡ ಎನ್ನುತ್ತಾನೆ. ಕೇಳುವ ಆಫೀಸರಿಗೆ ಇದು ಗೊತ್ತಿರುವುದಿಲ್ಲವೇ? ಬಸ್ಸಿನಲ್ಲಿ ಚನ್ನಪಟ್ಟಣ ಬರುವವರೆಗೂ ಇದೇ ಕೊರೆಯುತ್ತಿತ್ತು.

ನಮ್ಮ ಮನೆಯ ಕನ್ನಡಿ ಮುಖಕ್ಕಷ್ಟೇ ಸಾಲುವಂಥದ್ದು. ಹಾಗಾಗಿ ಹುಳದ ಮನೆಯಲ್ಲಿ ಸೊಪ್ಪು ಕತ್ತರಿಸುತ್ತ ಪ್ರಾಕ್ಟೀಸ್ ಮಾಡಿದೆ. ಮೊದಲು ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. "ಓದು ಮುಗಿದ ತಕ್ಷಣ ವಾಪಸ್ ಬರ್ತೀನಿ. ನನ್ನ ತಂದೆ ತಾಯಿ ಇಲ್ಲೇ ಇದ್ದಾರೆ." ಅವ್ವ ಪಕ್ಕದ ತಟ್ಟೆಗೆ ಸೊಪ್ಪು ಹಾಕುತ್ತಿದ್ದಳು. ಅವಳಿಗೂ ನಾನು ಹೇಳಿದ್ದು ಅದನ್ನೇ. ಹೋಗಿ ಓದಿಕೊಂಡು ಬಂದುಬಿಡುತ್ತೇನೆ ಎಂದು. ನಿಜ ಗೊತ್ತಿದ್ದದ್ದು ಅಪ್ಪನಿಗೆ ಮಾತ್ರ.

ಅರ್ಜಿ ಹಾಕಿದ ಮೇಲೆ, ಮನೆಗೆ ವಿಚಾರಣೆಯ ಫೋನ್ ಬರಬಹುದು ಎಂದು ಕನ್ಸಲ್ಟೆಂಟ್ ಎಚ್ಚರಿಸಿದ. ಅವ್ವನನ್ನು ಕೂರಿಸಿಕೊಂಡು ಹೇಳಿದೆ, ಅಪ್ಪನೂ ಹೇಳಿದ. ಜಮೀನು ಇದೆ ಅನ್ನಬೇಕು, ಮಗಳು ಓದಲು ಹೋಗುತ್ತಾಳೆ ಅನ್ನಬೇಕು. "ಊಂ ಕಣವ್ವ, ಯೋಳ್ತೀನಿ" ಎಂದಳು.

ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಅವ್ವ ಜಗಲಿಯ ಮೇಲೆ ಗೆಲುವಾಗಿ ಕೂತಿದ್ದಳು.

"ಯಾವನೋ ಬ್ರೋಕರ್ ಫೋನ್ ಮಾಡಿದ್ದ. ಚೆನ್ನಾಗ್ ಕಳಿಸ್ದೆ ನೋಡು. ಎಷ್ಟು ಎಕರೆ ಅಂದ, ಒಂದು ಗುಂಟೆನೂ ಇಲ್ಲ ಅಂದೆ. ರೇಷ್ಮೆ ಐತಂತಲ್ಲ ಅಂದ, ಹುಳ ಸಾಕಿ ಕಾಲ ಆಯ್ತು ಅಂದೆ. ಮಗಳು ಓದು ಮುಗಿಸ್ಕಂಡು ಬತ್ತಾಳಾ ಅಂತ ಬ್ಯಾರೆ ಕೇಳ್ತಾನೆ!"

ಒಳಗೆ ತಟ್ಟೆ ತುಂಬ ಹುಳ ಸೊಪ್ಪು ತಿನ್ನುತ್ತಿರುವ ಸದ್ದು ಹೊರಗೂ ಕೇಳುತ್ತಿತ್ತು.

ವೀಸಾ ಸಿಗಲಿಲ್ಲ. ಅರ್ಜಿಯಲ್ಲಿ ಹೇಳಿದ್ದಕ್ಕೂ ವಿಚಾರಿಸಿದಾಗ ತಿಳಿದದ್ದಕ್ಕೂ ತಾಳೆಯಾಗುತ್ತಿಲ್ಲ ಎಂದು ಬರೆದಿದ್ದರು. ಅಪ್ಪ ಕೂಗಾಡಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನಂಗೇನ್ ಗೊತ್ತು, ಬ್ರೋಕರ್ ಅನ್ಕಂಡೆ" ಎಂದಳು. ಅಭ್ಯಾಸಬಲ ಪಾಪ ಎಂದು ನೆಂಟರು ನಕ್ಕರು. ಅಪ್ಪನೂ ಕೊನೆಗೆ ನಂಬಿದ. ನಾನು ನಂಬಲಿಲ್ಲ. ಮಗಳು ಓದು ಮುಗಿಸಿಕೊಂಡು ಬರುತ್ತಾಳಾ ಎಂದು ಯಾವ ಬ್ರೋಕರ್ ಕೇಳುತ್ತಾನೆ? ಅಷ್ಟು ತಿಳಿಯದವಳಲ್ಲ ನಮ್ಮವ್ವ. ಎಷ್ಟೋ ಕಾಲ ಅವಳ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವಾಗಲೂ ಮುಖ ನೋಡುತ್ತಿರಲಿಲ್ಲ. ಇನ್ನೊಮ್ಮೆ ಅರ್ಜಿ ಹಾಕುವ ಹುಮ್ಮಸ್ಸು ಬರಲೇ ಇಲ್ಲ.

ಆಮೇಲೆ ಕನಕಪುರಕ್ಕೆ ಮದುವೆಯಾಗಿ ಹೋದೆ. ಅಲ್ಲೇ ಹಾಲು ಪರೀಕ್ಷಿಸುವ ಕೆಲಸ ಸಿಕ್ಕಿತು, ಈ ಸಲ ಖಾಯಂ. ಮೊನ್ನೆ ತವರಿಗೆ ಹೋದಾಗ ಅವ್ವ ಹೂ ಕಟ್ಟುತ್ತ ಕೂತಿದ್ದಳು. ಏನನ್ನಿಸಿತೋ, ಕೇಳಿಯೇಬಿಟ್ಟೆ.

"ಅವತ್ತು ಮಗಳು ವಾಪಸ್ ಬತ್ತಾಳಾ ಅಂದನಲ್ಲ, ಅದಕ್ಕೇನಂದೆ?"

ಅವ್ವ ತಲೆ ಎತ್ತಲಿಲ್ಲ.

"ಬರಾಕಿಲ್ಲ ಅಂದೆ."

"ಬರಲ್ಲ ಅಂತ ನಿಂಗೆ ಯಾರು ಹೇಳಿದ್ರು? ಅಪ್ಪನಾ?"

"ಯಾರೂ ಯೋಳ್ನಿಲ್ಲ. ಸೊಪ್ಪು ಕತ್ತರಿಸ್ತಾ ದಿನಾ ಬತ್ತೀನಿ ಬತ್ತೀನಿ ಅಂತ ಗಟ್ಟು ಹೊಡೀತಿದ್ದೆಯಲ್ಲ" ಎಂದು ಅವ್ವ ದಾರವನ್ನು ಹಲ್ಲಿನಿಂದ ಕಡಿದಳು. "ಬರೋರು ಯಾರವ್ವ ಅದನ್ನ ಗಟ್ಟು ಹೊಡೀತಾರೆ?"