ಒಂಬತ್ತು ಪ್ರತಿಯ ಆದೇಶ

ನಮ್ಮ ಮುದ್ರಣಾಲಯದ ಆಫೀಸಿನಲ್ಲಿ ಅವರು ಎಲ್ಲರಿಗೂ ಟೈಪಿಸ್ಟ್ ಅಕ್ಕ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ, ತುಟಿ ಪಿಟಕ್ಕೆನ್ನದ ಬಾಯಿ. ಅಂಥವರು ಹಲ್ಲು ಮಸೆದದ್ದನ್ನು ಪಕ್ಕದ ಮೇಜಿನ ಟಪಾಲು ಗುಮಾಸ್ತನಾದ ನಾನು ಕಂಡದ್ದು ಒಮ್ಮೆ ಮಾತ್ರ.

ಅವರ ತಂಗಿ ಕೆಳಗಡೆ ಕಾಗದ ಕತ್ತರಿಸುವ ಯಂತ್ರದಲ್ಲಿದ್ದಳು. ಕೆಲಸ ಬೇಗ ಸಾಗಲೆಂದು ಮ್ಯಾನೇಜರ್ ಆ ಯಂತ್ರದ ಅಡ್ಡತಗಡನ್ನು, ಅಂದರೆ ಕೈ ಬ್ಲೇಡಿಗೆ ಸಿಗದಂತೆ ತಡೆಯುವ ತಗಡನ್ನು, ಬಿಚ್ಚಿಸಿದ್ದ. ಅವಳ ಬಲಗೈಯ ಎರಡು ಬೆರಳು ಹೋದವು. ತಪ್ಪೆಲ್ಲ ಅವಳದೇ ಎಂದು ಹೇಳಿ ಕೆಲಸದಿಂದ ತೆಗೆಯಲು ಹೊರಟ, ಮಹಾನುಭಾವ. ವಿಚಾರಣೆಯ ಸಭೆಯಲ್ಲಿ ಅಕ್ಕ ಎದ್ದು ನಿಂತು, ತಗಡು ಬಿಚ್ಚಿಸಿದ್ದು ಯಾರೆಂದು ಹೇಳಿದರು. ಸಭೆಯ ಮಾತುಗಳನ್ನು ದಾಖಲಿಸುವ ನಡಾವಳಿಯಲ್ಲೂ ಅದನ್ನು ಟೈಪ್ ಮಾಡಿದರು. ಅವನು ಓದಿದವನೇ ಆ ಸಾಲನ್ನು ಎಕ್ಸ್‌ಪಂಜ್ ಮಾಡಿ ಎಂದ. ಹೊಡೆದುಹಾಕಿ ಎಂದರೆ ಅವನ ಘನತೆಗೆ ಕುಂದು. ಇಂಥ ಇಂಗ್ಲಿಷ್ ಪದ ಸಿಕ್ಕರೆ ದಿನವಿಡೀ ಚಪ್ಪರಿಸುವ ಆಸಾಮಿ.

ಅಕ್ಕ ದಪ್ಪ ನಿಘಂಟು ಇಳಿಸಿದರು. ಬರೀ ಅಳಿಸುವುದಲ್ಲ, ದಾಖಲೆಯಿಂದ ಅಧಿಕೃತವಾಗಿ ತೆಗೆದುಹಾಕುವುದು ಎಂದಿತ್ತು. ಚೀಟಿಯ ಮೇಲಿನ ಗೀಚನ್ನು ಯಾರೂ ಎಕ್ಸ್‌ಪಂಜ್ ಮಾಡುವುದಿಲ್ಲ. ಸಭೆಯಲ್ಲಿ ಆಡಿದ ಮಾತನ್ನಾದರೆ ಮಾಡುತ್ತಾರೆ. ‘ಅಧಿಕೃತವಾಗಿ’ ಎಂಬಲ್ಲಿ ಅಕ್ಕನ ಬೆರಳು ನಿಂತಿತು. ನೇರ ಅವನ ಕೋಣೆಗೆ ಹೋದರು.

“ಬಾಯ್ಮಾತಲ್ಲಿ ಆಗಲ್ಲ ಸರ್. ಆದೇಶ ಬೇಕು. ಯಾವ ಸಾಲು ಅಂತ ಅದ್ರಲ್ಲಿ ಪೂರ್ತಿ ಬರೀಬೇಕು.”

ಆದೇಶವೆಂದ ಕೂಡಲೇ ಅವನು ಉಬ್ಬಿಹೋದ. ಅಕ್ಕ ಟೈಪ್ ಮಾಡಿ ತಂದದ್ದಕ್ಕೆ ಸಹಿ ಹಾಕಿದ.

ನಡಾವಳಿ ಯಾರೂ ತೆರೆಯದ ಬೀರುವಿನಲ್ಲಿ ಕೊಳೆಯುತ್ತದೆ. ಆದೇಶಕ್ಕಾದರೆ ನಮ್ಮಲ್ಲಿ ಒಂಬತ್ತು ಪ್ರತಿ: ಒಂದೊಂದು ವಿಭಾಗಕ್ಕೆ, ನೋಟಿಸ್ ಬೋರ್ಡಿಗೆ, ಕೇಂದ್ರ ಕಚೇರಿಗೆ. ಹನ್ನೊಂದು ಗಂಟೆಗೆಲ್ಲ ಇಡೀ ಮುದ್ರಣಾಲಯ ಬೋರ್ಡಿನ ಮುಂದೆ ನಿಂತು ಓದುತ್ತಿತ್ತು: ‘ಯಂತ್ರದ ಅಡ್ಡತಗಡನ್ನು ಮ್ಯಾನೇಜರೇ ಬಿಚ್ಚಿಸಿದರು ಎಂಬ ವಾಕ್ಯವನ್ನು ಎಕ್ಸ್‌ಪಂಜ್ ಮಾಡತಕ್ಕದ್ದು.’ ಕೆಳಗೆ ಅವನದೇ ಸಹಿ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಇಂಗು ತಿಂದ ಮಂಗನಂತೆ ಓಡಿಬಂದವನು ಆದೇಶ ವಾಪಸಾಗಲಿ ಎಂದ. ಅದಕ್ಕೂ ಒಂಬತ್ತು ಪ್ರತಿಯ ಆದೇಶ ಬೇಕೆಂದು ಅಕ್ಕ ತಣ್ಣಗೆ ಹಾಳೆ ಏರಿಸಿದರು. ಅಷ್ಟರಲ್ಲಿ ಕೇಂದ್ರ ಕಚೇರಿಯ ಟಪಾಲನ್ನು ನಾನು ಬೇಕೆಂದೇ ಕಳಿಸಿಯಾಗಿತ್ತು.

ನಾಲ್ಕನೇ ದಿನ ಮೇಲಿನವರು ಬಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಅದುವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದವರೆಲ್ಲ ಹೇಳಿಬಿಟ್ಟರು. ತಂಗಿಯ ಕೆಲಸ ಉಳಿಯಿತು, ಅವನದು ಹೋಯಿತು. ಅವನು ಗೇಟು ದಾಟುವುದನ್ನು ಅಕ್ಕ ಕಿಟಕಿಯಿಂದ ಕಣ್ಣು ಮಿಟುಕಿಸದೆ ನೋಡಿದರು. ಈಗ ಸಮಾಧಾನವಾಯಿತೇ ಎಂದು ಕೇಳಿದೆ.

“ಇಲ್ಲ. ಅವಳಿಗೆ ಜಡೆ ಹಾಕ್ಕೊಳ್ಳೋಕಾಗಲ್ಲ. ದಿನಾ ಬೆಳಿಗ್ಗೆ ನಾನೇ ಹೆಣೀತೀನಿ. ಹೆಣೀತಾ ಅವನಿಗೆ ಶಾಪ ಹಾಕ್ತೀನಿ.”