ಬೀಸುವ ಪದದ ನಡುವಿನ ಉಸಿರು

ನಿನ್ನೆ ನನ್ನ ಮೊಮ್ಮಗಳು ಹೂಂ ಅಂದಳು. ಮದುವೆ ಗೊತ್ತಾಯಿತು. ಬೆಳಗಿನಿಂದ ಓಣಿಯ ಮನೆಮನೆಗೂ ಸಕ್ಕರೆ ಕೊಟ್ಟು ಬಂದಿದ್ದೇನೆ. ಕೆಲವು ಮನೆಗೆ ಎರಡು ಸಲ ಕೊಟ್ಟೆನೇನೋ, ಕೊಟ್ಟರೆ ಕೊಟ್ಟೆ.

ಹುಡುಗ ಗಂಗಾವತಿಯವನು. ಅಕ್ಕಿ ಗಿರಣಿಯಲ್ಲಿ ಕೆಲಸ, ಕರೆದ ಊರಿಗೆ ಹೋಗಿ ರಸಮಂಜರಿಯಲ್ಲಿ ಹಾಡುವುದೂ ಉಂಟು. ಟೇಪಿನಲ್ಲಿ ಕೇಳಿ ಕಲಿತ ಸಿನಿಮಾ ಹಾಡುಗಳನ್ನು ಇದ್ದ ಹಾಗೆಯೇ ಹಾಡುತ್ತಾನೆ. ನಡುವೆ ನಗಿಸಲಿಕ್ಕೆ ಒಂದು ಬೀಸುವ ಪದ. ತಲೆಯ ಮೇಲೆ ಟವಲು ಹೊದ್ದು, ಮುದುಕಿಯ ಹಾಗೆ ಮೂಗಿನಿಂದ ಎಳೆಯುತ್ತಾನೆ. ಬೀಸುವ ಕಲ್ಲಿನ ಗೂಟ ತಿರುಗಿಸುವಾಗ, ಕೈ ಅತ್ತ ಹೋದೊಡನೆ ಉಸಿರು ಸಾಲದೆ ಮಾತು ಅರ್ಧಕ್ಕೆ ತುಂಡಾಗುತ್ತದಲ್ಲ, ಅಲ್ಲಿ ಏದುಸಿರು ಬಿಟ್ಟು ಕಣ್ಣು ಮೇಲೆ ಮಾಡುತ್ತಾನೆ. ಹೋದ ತಿಂಗಳು ಕನಕಗಿರಿಯಲ್ಲಿ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಕ್ಕದಲ್ಲಿದ್ದ ಮೊಮ್ಮಗಳು ನಗಲಿಲ್ಲ. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಜೋಳ ಬೀಸುವಾಗ ನಾನು ಹಾಡುತ್ತಿದ್ದ ಪದ ಅದು.

ಅದೇ ಹುಡುಗನ ಸಂಬಂಧ ಬಂದಾಗ ಅವಳು ಒಲ್ಲೆ ಅಂದಳು. ಅಜ್ಜಿಯಂಥವರನ್ನು ಮಂದಿಯ ಮುಂದೆ ನಗೆಪಾಟಲು ಮಾಡುವವನ ಮನೆಗೆ ಹೋಗುವುದಿಲ್ಲವಂತೆ. ನನಗೇ ಬೇಸರವಿಲ್ಲ ಎಂದರೂ ಕೇಳಲಿಲ್ಲ. ಒಳ್ಳೆಯ ಮನೆತನ ತಪ್ಪಿಹೋಗುತ್ತದೆಂದು ನನಗೆ ಒಳಗೊಳಗೇ ಸಂಕಟ. ಬಂದು ನೋಡಿಕೊಂಡಾದರೂ ಹೋಗಲಿ ಎಂದು ಅವಳ ಅಪ್ಪ, ನನ್ನ ಮಗ, ಹೇಗೋ ಒಪ್ಪಿಸಿದ.

ಹುಡುಗ, ಅವನ ಅಪ್ಪ, ಚಿಗವ್ವ ಬಂದರು. ಮಂಡಕ್ಕಿ, ಮಿರ್ಚಿ ತಿಂದಾದ ಮೇಲೆ ಚಿಗವ್ವ ವಾಡಿಕೆಯಂತೆ ಹುಡುಗಿಗೆ ಒಂದು ಹಾಡು ಹೇಳು ಅಂದಳು. ಮೊಮ್ಮಗಳು ತಲೆ ಎತ್ತಿದಳು.

“ಹಾಡಾವ್ರು ಇಲ್ಲೇ ಕುಂತಾರಲ್ರಿ. ಆ ಬೀಸೋ ಪದ ಅವ್ರೇ ಹಾಡ್ಲಿ. ಟವಲ್ ಹೊದಿಯೂದು ಬ್ಯಾಡ.”

ಮಗನ ಮುಖ ಬಿಳಿಚಿತು. ಹುಡುಗ ಕೆಮ್ಮಿ, ಮೊದಲ ಸಾಲನ್ನು ಮೂಗಿನಲ್ಲೇ ಎತ್ತಿದ, ರೂಢಿ ನೋಡಿ. ಚಿಗವ್ವ ನಕ್ಕಳು. ಅವನು ನಿಲ್ಲಿಸಿ, ನೆಲ ನೋಡುತ್ತಾ ಮತ್ತೆ ಶುರು ಮಾಡಿದ, ತನ್ನದೇ ಧ್ವನಿಯಲ್ಲಿ. ಎದುರಿಗೆ ಕಲ್ಲಿಲ್ಲ, ಕೈ ಸುಮ್ಮನೆ ಮಡಿಲಲ್ಲಿದೆ. ಆದರೂ ಮಾತು ತುಂಡಾಗಬೇಕಾದಲ್ಲೇ ತುಂಡಾಯಿತು, ಉಸಿರು ಎಳೆಯುವಲ್ಲೇ ಎಳೆದ. ತವರಿನ ನುಡಿ ಬಂದಾಗ ಪದ ನಿಂತುಹೋಯಿತು.

ಇಷ್ಟು ಚೆಂದ ಹಾಡುವವನು ರಸಮಂಜರಿಯಲ್ಲೇಕೆ ಹಾಗೆ ಮಾಡುತ್ತೀ ತಮ್ಮಾ ಎಂದು ಕೇಳಿದೆ.

“ನಮ್ಮವ್ವನ ಪದ ಇದು. ಆಕಿ ಈಗಿಲ್ರಿ. ಹಿಂಗ ಹಾಡಿದ್ರ ನಡುವ ನಿಂತುಬಿಡತೈತಿ, ನೋಡಿದ್ರಲ್ಲ. ಮಂದಿ ಮುಂದ ಹೆಂಗ ಅಳ್ಲಿ ಅಜ್ಜಿ? ನಗಿಸಿದ್ರ ಪೂರಾ ಹಾಡಾಕ ಬರತೈತಿ.”

ಅವನು ಬಿಟ್ಟ ಕಡೆಯಿಂದ ಮೊಮ್ಮಗಳು ಎತ್ತಿಕೊಂಡಳು, ಮೆಲ್ಲಗೆ. ಎರಡು ಸಾಲು ಆದ ಮೇಲೆ ಅವನೂ ಕೂಡಿಕೊಂಡ. ಪದ ಮುಗಿಯಿತು. ಮಗ ಅವಳನ್ನು ಒಳಗೆ ಕರೆದು ಏನಂತೀ ಎಂದು ಕೇಳಿದ.

“ಹೂಂ ಅನ್ನಪ್ಪ. ಮಂದೀನ ನಗಿಸಿದ್ರ ನಗಿಸ್ಲಿ. ಮನ್ಯಾಗ ಮಾತ್ರ ಹಿಂಗ ಹಾಡ್ಬೇಕು.”

ಬಂದವರನ್ನು ಹಾಗೇ ಕಳಿಸುವುದುಂಟೇ? ಸಂಜೆಗೆ ಶಾವಿಗೆ ಬಸಿದೆವು, ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ. ಎರಡೂ ಮನೆಯವರು ಒಂದೇ ಸಾಲಿನಲ್ಲಿ ಕುಳಿತೆವು. ಬಡಿಸಲು ಎದ್ದ ಮೊಮ್ಮಗಳ ಕೈಹಿಡಿದು ನನ್ನ ಪಕ್ಕ ಕೂಡಿಸಿಕೊಂಡೆ. ಮಗನೇ ಬಡಿಸಿದ, ಬೇಡ ಬೇಡ ಎಂದರೂ ಎಲ್ಲರ ಶಾವಿಗೆಗೂ ತುಪ್ಪ ಸುರಿದ, ಆಮೇಲೆ ತಾನೂ ತಾಟು ಹಿಡಿದು ನಮ್ಮ ಜೊತೆ ಬಂದು ಕುಳಿತ.