ಸಂಪಿನ ಮುಚ್ಚಳ

ಎದುರುಮನೆಯವರು ಈ ಬೆಳಿಗ್ಗೆ ಸಂಪು ತೊಳೆಸುತ್ತಿದ್ದಾರೆ. ಬ್ಲೀಚಿಂಗ್ ಪುಡಿಯ ವಾಸನೆ ರಸ್ತೆ ದಾಟಿ ನಮ್ಮ ಜಗಲಿಯವರೆಗೂ ಬಂದಿದೆ. ಶಿವರಾತ್ರಿ ಕಳೆದರೆ ಹಿಂದೂಪುರದ ಬೀದಿಗಳಲ್ಲಿ ಈ ವಾಸನೆ ಏಳುತ್ತದೆ. ಬೇಸಿಗೆಗೆ ನೀರು ತುಂಬಿಡುವ ಮುನ್ನ ಎಲ್ಲರಿಗೂ ಸಂಪಿನ ನೆನಪಾಗುತ್ತದೆ. ನಿಮಗೆ ಅದು ಚೊಕ್ಕಟದ ವಾಸನೆ ಇರಬಹುದು. ನಾನು ಕಿಟಕಿ ಮುಚ್ಚಿ ಒಳಗೆ ಬಂದು ಕೂತಿದ್ದೇನೆ.

ನಲ್ಲಿ, ಪೈಪುಗಳ ವಿಷಯದಲ್ಲಿ ನಾನು ಶುದ್ಧ ದಡ್ಡ. ಕಲ್ಯಾಣದುರ್ಗದ ಶಾಲೆಯಲ್ಲಿ ವರ್ಷಗಟ್ಟಲೆ ವಿಜ್ಞಾನ ಹೇಳಿದವನು, ನೀರಿನ ಒತ್ತಡದ ಲೆಕ್ಕವನ್ನು ಬೋರ್ಡಿನ ಮೇಲೆ ಸಲೀಸಾಗಿ ಬಿಡಿಸುತ್ತಿದ್ದವನು, ಒಮ್ಮೆ ನಲ್ಲಿಗೆ ವಾಷರ್ ಹಾಕಲು ಹೋಗಿ ಅಡುಗೆಮನೆಯನ್ನು ಕೆರೆ ಮಾಡಿದ್ದೆ. ಅಲ್ಲಿಂದಾಚೆ ಆ ಕೆಲಸಕ್ಕೆಲ್ಲ ಪ್ಲಂಬರ್ ಅಶ್ವತ್ಥನೇ. ನಾವು ಕಲ್ಯಾಣದುರ್ಗದಲ್ಲಿ ಬಾಡಿಗೆಗಿದ್ದೆವು, ಹಿಂದೂಪುರದ ಸ್ವಂತ ಮನೆಗೆ ಬೀಗ. ಪ್ರತಿ ಬೇಸಿಗೆಗೆ ಮುಂಚೆ ಅವನು ರೊದ್ದಂನಿಂದ ಬಸ್ಸಿನಲ್ಲಿ ಬಂದು ಅಲ್ಲಿನ ನಲ್ಲಿ, ಮೋಟರು ರಿಪೇರಿ ಮಾಡಿಕೊಡುತ್ತಿದ್ದ.

ಬಂದವನು ಮೊದಲು ಮೋಟರು ಹಾಕಿ ಕಿವಿಗೊಟ್ಟು ನಿಲ್ಲುತ್ತಿದ್ದ. ಅದು ನೀರಿನ ಬದಲು ಗಾಳಿ ಎಳೆಯುತ್ತಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕರೆಂಟು ಸುಮ್ಮನೆ ಸುಡುತ್ತಿದೆ ಎಂದು ಗೊಣಗುತ್ತಾ ಸಂಪಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಬಿಚ್ಚುತ್ತಿದ್ದ. ಯಾರದೋ ಮನೆಯ ಟ್ಯಾಂಕು ತುಂಬಿ ಚೆಲ್ಲುವುದು ಕಂಡರೆ ಅವನ ಮುಖ ಅನ್ನ ಚೆಲ್ಲಿದ್ದನ್ನು ಕಂಡಂತೆ ಕಿವುಚಿಕೊಳ್ಳುತ್ತಿತ್ತು.

ನಾನು ನಿವೃತ್ತನಾದ ವರ್ಷ ಊರಿಗೆ ಮರಳುವುದೆಂದಾಯಿತು. ಆ ಸಲ ಸಂಪು ವರ್ಷವಿಡೀ ಮುಚ್ಚಿತ್ತು, ತಳದಲ್ಲಿ ಕೊಳೆತ ಕೆಸರು. ಅಶ್ವತ್ಥ ಫೋನು ಮಾಡಿದ್ದ. “ನಾಳಿದ್ದು ಬತ್ತೀನಿ ಸಾ. ನೀವು ನಾಳೇನೇ ಹೋಗಿ ಮುಚ್ಚಳ ತೆಗ್ದಿಡಿ. ಒಂದಿನ ಗಾಳಿ ಆಡ್ಲಿ, ಇಲ್ದಿದ್ರೆ ನಾನು ಇಳಿಯಾಕಿಲ್ಲ.”

ನಾನು ಹೋಗಲಿಲ್ಲ. ಶಾಲೆಯವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಶಾಲು ಹೊದಿಸಿಕೊಂಡು ನನ್ನ ಗುಣಗಾನ ಕೇಳುತ್ತಾ ಕೂತಿದ್ದೆ. ಮರುದಿನ ಮೊದಲ ಬಸ್ಸಿಗೆ ಬಂದು ಮುಚ್ಚಳ ಎತ್ತಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಅಶ್ವತ್ಥ ಗೇಟು ತೆಗೆದ. ಮಧ್ಯಾಹ್ನ ನೀರಿನ ಟ್ಯಾಂಕರ್ ಬರುವುದಿತ್ತು.

“ನಿನ್ನೇನೇ ತೆಗೆದ್ರಾ ಸಾ?”

“ತೆಗೆದೆ,” ಎಂದೆ.

ಮುಚ್ಚಿದ ಜಾಗದಲ್ಲಿ ಕೊಳೆತದ್ದು ಗಾಳಿಯ ಆಮ್ಲಜನಕವನ್ನು ತಿಂದುಹಾಕುತ್ತದೆಂದು ಪಾಠ ಮಾಡಿದ್ದವನು ನಾನೇ. ಆದರೂ ಬಾಯಿಗೆ ಬಂದದ್ದು ಅದೇ. ಅವನು ಸಂಪಿಗೆ ಏಣಿ ಇಳಿಬಿಟ್ಟ, ನಾನು ಪೊರಕೆ ತರಲು ಮನೆಯೊಳಗೆ ಹೋದೆ. ಬಕೆಟ್ಟು ಬಿದ್ದ ಸದ್ದಾಯಿತು. ಕೂಗಿದೆ, ಅವನು ಓಗೊಡಲಿಲ್ಲ. ಬಗ್ಗಿ ನೋಡಿದರೆ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದ. ಏಣಿಗೆ ಕಾಲಿಟ್ಟೆ. ಪಕ್ಕದ ಮನೆಯ ನೇಕಾರ ತಿಪ್ಪಣ್ಣ ಮಗ್ಗ ಬಿಟ್ಟು ಓಡಿಬಂದು ನನ್ನ ಹೆಗಲು ಹಿಡಿದೆಳೆದ. “ವದ್ದು, ಬ್ಯಾಡ ಸಾ. ಇಳಿದ್ರೆ ನೀವೂ ಹೋಯ್ತೀರ.” ಅಗ್ನಿಶಾಮಕದವರು ಬಂದು ಹಗ್ಗ ಕಟ್ಟಿ ಮೇಲೆತ್ತುವಷ್ಟರಲ್ಲಿ ಉಸಿರು ಹೋಗಿತ್ತು.

ಎಲ್ಲರೂ ಗ್ರಹಚಾರ ಎಂದರು. ಅವನ ಊರಿನಲ್ಲಿ ಮಾತ್ರ, ಕುಡಿದು ಇಳಿದಿದ್ದನಂತೆ ಎಂಬ ಸುದ್ದಿ ಹಬ್ಬಿತು. ಅದು ನನ್ನ ಕಿವಿಗೂ ಬಿತ್ತು. ಅಶ್ವತ್ಥ ಕಾಫಿಗಿಂತ ಬಿರುಸಾದದ್ದನ್ನು ಮುಟ್ಟಿದವನಲ್ಲ. ಅದನ್ನಾದರೂ ಹೇಳಬಹುದಿತ್ತು, ಹೇಳಿದರೆ, ಮತ್ತೆ ಹೇಗಾಯಿತು ಎಂದು ಕೇಳುತ್ತಾರಲ್ಲ ಎಂದು ಸುಮ್ಮನಾದೆ. ಹಬ್ಬಕ್ಕೊಮ್ಮೆ ಹಣ್ಣು ಹಿಡಿದು ರೊದ್ದಂಗೆ ಹೋಗಿಬರುತ್ತಿದ್ದೆ. ಅವನ ಹೆಂಡತಿ ನರಸಮ್ಮ, ನೀವಾದರೂ ನೆನಪಿಟ್ಟುಕೊಂಡು ಬರುತ್ತೀರಲ್ಲ ಎನ್ನುತ್ತಿದ್ದಳು. ಆ ಮಾತು ಕೇಳಿಸಿಕೊಂಡು ಕಾಫಿ ಕುಡಿದೆ, ಮೂರು ವರ್ಷ.

ಕಳೆದ ವಾರ ಹೋದಾಗ ಆಕೆ ಕಾಫಿ ಮಾಡಲು ಏಳಲಿಲ್ಲ. ಮಗಳಿಗೆ ಪೆನುಕೊಂಡದಲ್ಲಿ ಗೊತ್ತಾಗಿದ್ದ ಸಂಬಂಧ ತಪ್ಪಿಹೋಗಿತ್ತು. ಕುಡಿದು ಸಂಪಿಗೆ ಬಿದ್ದವನ ಮಗಳು ಬೇಡವೆಂದು ಗಂಡಿನವರು ಹೇಳಿ ಕಳಿಸಿದ್ದರು. ಆಗ ನಾನು ಮುಚ್ಚಳದ ವಿಷಯ ಬಾಯಿಬಿಟ್ಟೆ.

ನರಸಮ್ಮ ನೆಲ ನೋಡುತ್ತಾ ಕೇಳಿದಳು. “ಇಳಿಯಾಕ್ ಮುಂಚೆ ಅವ್ರು ನಿಮ್ಮನ್ನ ಕೇಳಿದ್ರಾ?”

“ಕೇಳಿದ.”

“ನೀವು ತೆಗ್ದೆ ಅಂದ್ರಾ?”

“ಹೂಂ.”

ಎದ್ದು ಹೋಗಿ ಮಾವನನ್ನೂ ಅಕ್ಕಪಕ್ಕದ ಇಬ್ಬರನ್ನೂ ಕರೆತಂದಳು. ಇವರ ಮುಂದೆ ಇನ್ನೊಂದು ಸಲ ಹೇಳಿ ಎಂದಳು. ಕನ್ನಡದಲ್ಲಿ ಹೇಳಿದೆ. ಆಮೇಲೆ, ಅವರಲ್ಲೊಬ್ಬರಿಗೆ ಸರಿಯಾಗಿ ಅರ್ಥವಾಗಲೆಂದು ತೆಲುಗಿನಲ್ಲೂ ಹೇಳಿದೆ. ಅಶ್ವತ್ಥನ ಮುದಿ ಅಪ್ಪ ಪೂರ್ತಿ ಕೇಳಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ನನ್ನನ್ನು ಯಾರೂ ಬೈಯಲಿಲ್ಲ. ನರಸಮ್ಮ ನಾನು ಒಯ್ದಿದ್ದ ಹಣ್ಣಿನ ಚೀಲ ತಂದು ನನ್ನ ಕೈಗಿಟ್ಟಳು.

“ಇದನ್ನೇ ಕಾಗದದಾಗೆ ಬರ್ದು ಸೈನ್ ಹಾಕಿ ಕಳ್ಸಿ ಸಾ, ಗಂಡಿನೋರಿಗೆ ತೋರಿಸ್ಬೇಕು. ನೀವು ಬರ್ಬ್ಯಾಡಿ.”

ಅದನ್ನೇ ಈಗ ಬರೆಯುತ್ತಿದ್ದೇನೆ. ‘ಅಶ್ವತ್ಥ ಕುಡಿದಿರಲಿಲ್ಲ’ ಎಂದು ಶುರುಮಾಡಿದ್ದ ಹಾಳೆ ಹರಿದೆ. ಈಗ ಮೊದಲ ಸಾಲು, ‘ನಾನು ಅವನಿಗೆ ಸುಳ್ಳು ಹೇಳಿದೆ.’